ವಾ ಪೆಡಲ್: ಕೊಳ್ಳುವ ಮುನ್ನ ಕಾಲಿಟ್ಟು ನೋಡಿ, ಕೊಂಡ ಮೇಲೆ ಬಿಚ್ಚಿ ನೋಡಿ

ಎಂಟು ತಿಂಗಳಿಂದ ಹೆಚ್ಚುಕಡಿಮೆ ದಿನವೂ ನುಡಿಸಿದ ಮೇಲೆ ಒಂದು ವಾ ಪೆಡಲಿನ ಬಗ್ಗೆ, ಅಂದರೆ ಕಾಲಿನಿಂದ ತುಳಿದು ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ವಾ ಎನಿಸುವ ಪೆಟ್ಟಿಗೆಯ ಬಗ್ಗೆ, ಬರೆಯುತ್ತಿದ್ದೇನೆ. ಇದು ಡನ್‌ಲಪ್ ಕಂಪನಿಯ ಕ್ರೈಬೇಬಿ, ಮಾದರಿ ಜಿಸಿಬಿ-95. ಹೊಸದಲ್ಲ, ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆ ಕೋಣೆ ಖಾಲಿ ಮಾಡಿ ಊರಿಗೆ ಹೊರಟಿದ್ದ ವಿದ್ಯಾರ್ಥಿಯೊಬ್ಬರಿಂದ ಕೊಂಡದ್ದು. ಕೊಳ್ಳುವ ಮೊದಲು ಬೇರೆ ಮೂರ್ನಾಲ್ಕು ಪೆಡಲ್‌ಗಳ ಮೇಲೆ ಕಾಲಿಟ್ಟು ನೋಡಿದ್ದೆ. ಕೊಂಡ ಮೇಲೆ ಇದರ ತಳ ಬಿಚ್ಚಿ ಐದು ತಿದ್ದುಪಡಿಗಳನ್ನು ಮಾಡಿದೆ, ಅವುಗಳಲ್ಲಿ ಎರಡನ್ನು ಮತ್ತೆ ಮೊದಲಿನಂತೆಯೇ ಮಾಡಿಟ್ಟೆ. ಗಣೇಶನ ಪೆಂಡಾಲಿನ ವಾದ್ಯಗೋಷ್ಠಿಗಳಲ್ಲೋ ಕಾಲೇಜು ಬ್ಯಾಂಡುಗಳಲ್ಲೋ ಗಿಟಾರ್ ನುಡಿಸುವ ನಮ್ಮ ಕಡೆಯವರು ಇಂಥದೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ನನ್ನ ಖರ್ಚೂ ತಪ್ಪುಗಳೂ ಅವರಿಗೆ ಉಪಯೋಗಕ್ಕೆ ಬರಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲೆಡೆ ಸಿಗುವ ಸಾಧಾರಣ ಪೆಡಲನ್ನೇ ಕೊಳ್ಳಿ, ಅದನ್ನು ನಿಮ್ಮ ಕಾಲಿಗೂ ಕಿವಿಗೂ ಒಗ್ಗಿಸಿಕೊಳ್ಳಲು ಬೇಕಾಗುವುದು ಒಂದು ಸ್ಕ್ರೂಡ್ರೈವರ್ ಮತ್ತು ಎರಡು ರೂಪಾಯಿಯ ಒಂದು ರೆಸಿಸ್ಟರ್ (ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ). ಹೆಚ್ಚು ಹಣ ಕೇಳುವ ತಿದ್ದುಪಡಿಗಳು ಕಡಿಮೆ ಫಲ ಕೊಡುತ್ತವೆ.

ವಾ ಪೆಡಲ್ ಮಾಡುವ ಕೆಲಸ ಏನೆಂದು ತಿಳಿಯಲು ನಮ್ಮ ವ್ಯಾಕರಣವೇ ಸಾಕು. ಹಿಮ್ಮಡಿ ಊರಿದಾಗ ತಂತಿಯ ನಾದ ಉಕಾರದಂತೆ ಮುಚ್ಚಿಕೊಂಡು ಕೇಳುತ್ತದೆ. ಮುಂಗಾಲು ಒತ್ತುತ್ತ ಹೋದಂತೆ ಬಾಯಿ ತೆರೆದು ಆಕಾರಕ್ಕೆ ಬರುತ್ತದೆ. ಉಕಾರದ ಮುಂದೆ ಆಕಾರ ಬಂದರೆ ಯಣ್ ಸಂಧಿಯಲ್ಲಿ ವಾ ಆಗುತ್ತದೆ, ಸು ಎಂಬುದಕ್ಕೆ ಆಗತ ಸೇರಿ ಸ್ವಾಗತ ಆದ ಹಾಗೆ. ಈ ಪೆಡಲಿನ ಹೆಸರು ಅಮೆರಿಕದಲ್ಲಿ ಹುಟ್ಟಿದ್ದರೂ ಸಂಧಿಕಾರ್ಯ ಮಾತ್ರ ಕೇಶಿರಾಜನೂ ಒಪ್ಪುವಂಥದ್ದು. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಮೋರ್ಸಿಂಗ್ ಇದೆ. ಮೋರ್ಸಿಂಗಿನ ನಾಲಗೆ ಒಂದೇ ಶ್ರುತಿಯಲ್ಲಿ ಮಿಡಿಯುತ್ತಿರುತ್ತದೆ. ವಾದಕರು ಬಾಯೊಳಗಿನ ಟೊಳ್ಳನ್ನು ಹಿರಿದು ಕಿರಿದು ಮಾಡಿದಾಗ ಅದೇ ಶ್ರುತಿಯ ಬೇರೆ ಬೇರೆ ಮೇಲುನಾದಗಳು ಎದ್ದು ನಿಲ್ಲುತ್ತವೆ. ವಾ ಪೆಡಲಿನಲ್ಲಿ ಆ ಬಾಯಿಯ ಕೆಲಸವನ್ನು ಕಾಯಿಲ್ ಎಂಬ ಒಂದು ತಂತಿಯ ಸುರುಳಿಯೂ, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಒಂದು ಕಂಡೆನ್ಸರೂ ಸೇರಿ ಮಾಡುತ್ತವೆ. ಆದುದರಿಂದ ಪೆಡಲನ್ನು ಪರೀಕ್ಷಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಸ್ವರಾಕ್ಷರವನ್ನು ಉಚ್ಚರಿಸುತ್ತಿದೆಯೇ, ಅಥವಾ ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಯಾರೋ ತಿರುಗಿಸಿದಂತೆ ಬರೀ ಮಂಕಾಗಿ ಚೂಪಾಗಿ ಕೇಳುತ್ತಿದೆಯೇ?

ಈ ಯಂತ್ರ ಹುಟ್ಟಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ವಾಕ್ಸ್ ಹೆಸರಿನ ಆಂಪ್ಲಿಫೈಯರ್‌ಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಎಂಬ ಯುವ ಎಂಜಿನಿಯರಿಗೆ, ಮಧ್ಯಮ ಸ್ಥಾಯಿಯ ನಾದವನ್ನು ಎತ್ತಿಕೊಡುತ್ತಿದ್ದ ದುಬಾರಿ ಸ್ವಿಚ್ಚಿನ ಬದಲು ಅಗ್ಗದ ತಿರುಗುಗುಂಡಿಯನ್ನು ಕೂರಿಸುವ ಕೆಲಸ ಬಿದ್ದಿತ್ತು. ಗುಂಡಿ ತಿರುಗಿಸಿದಾಗ ಬಂದ ವಿಚಿತ್ರ ಸದ್ದನ್ನು ಅಲ್ಲಿದ್ದವರು ಬಿಡಲಿಲ್ಲ. ಆ ಸರ್ಕಿಟ್ಟನ್ನು ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ತುಂಬಿದರು. ಗಿಟಾರ್ ವಾದಕ ಡೆಲ್ ಕ್ಯಾಶರ್ ಅದರ ಬಳಕೆಯನ್ನು ನುಡಿಸಿ ತೋರಿಸಿದವರಲ್ಲಿ ಮೊದಲಿಗರು. ಆದರೂ 1967ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪೆಡಲಿಗೆ ಕ್ಲೈಡ್ ಮೆಕಾಯ್ ಎಂಬ ತುತ್ತೂರಿ ವಾದಕರ ಹೆಸರನ್ನಿಟ್ಟರು, ಏಕೆಂದರೆ ತುತ್ತೂರಿಯ ಬಾಯಿಗೆ ಮುಚ್ಚಳ ಹಿಡಿದು ತೆರೆದು ವಾ ವಾ ಎನಿಸುವುದಕ್ಕೆ ಅವರು ಹೆಸರುವಾಸಿಯಾಗಿದ್ದರು. ಕೆಲವೇ ತಿಂಗಳಲ್ಲಿ ಹೆಂಡ್ರಿಕ್ಸ್, ಕ್ಲಾಪ್ಟನ್ ಮುಂತಾದ ರಾಕ್ ಗಿಟಾರ್ ವಾದಕರ ಕಾಲಡಿಗೆ ಬಂದ ಮೇಲೆ ತುತ್ತೂರಿಯ ಸಂಬಂಧ ಪೆಟ್ಟಿಗೆಯ ಮೇಲಿನ ಹೆಸರಿನಲ್ಲಷ್ಟೇ ಉಳಿಯಿತು.

ಒಳಗಿನ ತತ್ತ್ವವನ್ನು ನನಗೆ ಮನದಟ್ಟು ಮಾಡಿಸಿದವರು ಮೈಸೂರಿನ ಶಿವರಾಂಪೇಟೆಯ ಓಣಿಯೊಂದರಲ್ಲಿ ರೇಡಿಯೊ ಮತ್ತು ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರು. ವಾ ಪೆಡಲನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಒಂದು ತಂತಿ ಮೀಟಿ ಪೆಡಲನ್ನು ತುಳಿದು ತೋರಿಸಿದೆ. ಅವರು ಎರಡು ಕ್ಷಣ ಕೇಳಿ, “ಇದು ಸ್ಟೇಷನ್ ಹುಡುಕೋ ರೇಡಿಯೊ ಕಣಪ್ಪ, ಕಾಲಲ್ಲಿ ಹುಡುಕ್ತೀಯ ಅಷ್ಟೆ” ಅಂದರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದು ಆಕಾಶವಾಣಿ ಎಂಬ ಹೆಸರನ್ನು ಚಾಲ್ತಿಗೆ ತಂದ ಊರಿನಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಲಾರದು, ಮತ್ತು ಅದು ಅಕ್ಷರಶಃ ನಿಜ. ರೇಡಿಯೊದಲ್ಲಿ ಕಾಯಿಲ್ ಮತ್ತು ಕಂಡೆನ್ಸರ್ ಸೇರಿ ಒಂದು ಆವರ್ತನವನ್ನು ಆರಿಸಿ ಎತ್ತಿಕೊಡುತ್ತವೆ. ಮುಳ್ಳು ತಿರುಗಿಸಿದಾಗ ಕಂಡೆನ್ಸರಿನ ಅಳತೆ ಬದಲಾಗಿ ಬೇರೆ ಸ್ಟೇಷನ್ ಹಿಡಿಯುತ್ತದೆ. ವಾ ಪೆಡಲಿನಲ್ಲಿ ಆರಿಸುವುದು ಕಿವಿಗೆ ಕೇಳುವ ಆವರ್ತನಗಳನ್ನು, ಸುಮಾರು 400 ಹರ್ಟ್ಸ್‌ನಿಂದ 2000 ಹರ್ಟ್ಸ್‌ವರೆಗೆ.

ಇಲ್ಲಿ ಒಂದು ಜಾಣತನ ಅಡಗಿದೆ, ಅದನ್ನು ತಿಳಿದವರಿಗೆ ಮುಂದಿನ ತಿದ್ದುಪಡಿಗಳು ಸುಲಭವಾಗುತ್ತವೆ. ಪೆಡಲಿನಲ್ಲಿರುವ ಕಾಯಿಲ್ ಸುಮಾರು 500 ಮಿಲಿಹೆನ್ರಿಯದು, ಅದರ ಜೋಡಿ ಕಂಡೆನ್ಸರ್ 0.01 ಮೈಕ್ರೋಫ್ಯಾರಡ್. ಲೆಕ್ಕ ಹಾಕಿದರೆ ಇವೆರಡೂ ಸೇರಿ ಸುಮಾರು 2250 ಹರ್ಟ್ಸ್‌ನಲ್ಲಿ ಅನುರಣಿಸಬೇಕು, ಅಂದರೆ ಆ ಆವರ್ತನವನ್ನೇ ಹೆಚ್ಚಾಗಿ ಎತ್ತಿಕೊಡಬೇಕು, ಮುಂಗಾಲು ಪೂರ್ತಿ ಒತ್ತಿದಾಗ ಕೇಳುವುದು ಹೆಚ್ಚುಕಡಿಮೆ ಅದೇ. ಹಿಮ್ಮಡಿಯ ಕಡೆ 450 ಹರ್ಟ್ಸ್‌ಗೆ ಇಳಿಯಬೇಕಾದರೆ ಕಂಡೆನ್ಸರ್ 25 ಪಟ್ಟು ದೊಡ್ಡದಾಗಬೇಕು. ಅಷ್ಟು ಹಿಗ್ಗಿ ಕುಗ್ಗುವ ಕಂಡೆನ್ಸರನ್ನು ಪೆಡಲಿನೊಳಗೆ ಕೂರಿಸಲು ಸಾಧ್ಯವಿಲ್ಲ. ಆದ್ದರಿಂದ ಸಂಕೇತವನ್ನು ಬಲಪಡಿಸಲು ಒಳಗಿರುವ ಎರಡು ಟ್ರಾನ್ಸಿಸ್ಟರುಗಳಲ್ಲಿ ಎರಡನೆಯದರ ಮೂಲಕ ಗಿಟಾರಿನ ಸಂಕೇತದ ಒಂದು ಪಾಲನ್ನು ಅದೇ ಪುಟ್ಟ ಕಂಡೆನ್ಸರಿನ ಇನ್ನೊಂದು ತುದಿಗೆ ಕೊಟ್ಟು, ಅದು ದೊಡ್ಡದಾಗಿರುವಂತೆ ನಟಿಸುವ ಹಾಗೆ ಮಾಡಿದ್ದಾರೆ. ನಟನೆ ಎಷ್ಟಿರಬೇಕೆಂದು ತೀರ್ಮಾನಿಸುವುದು 100 ಕಿಲೋಓಮ್‌ನ ಪಾಟ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಗುಂಡಿ. ಪಾಟನ್ನು ತಿರುಗಿಸುವುದು ನಮ್ಮ ಕಾಲು. ಐವತ್ತು ವರ್ಷಗಳ ಮೇಲಾದರೂ ಬಹುಪಾಲು ವಾ ಪೆಡಲ್‌ಗಳು ಈ ಎರಡು ಟ್ರಾನ್ಸಿಸ್ಟರಿನ ಸರ್ಕಿಟ್ಟನ್ನೇ ಇಟ್ಟುಕೊಂಡಿವೆ. ಹೀಗಿರುವಾಗ ಎರಡು ಪೆಡಲ್‌ಗಳ ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸ ಕಂಡರೆ, ಆ ವ್ಯತ್ಯಾಸ ಎಲ್ಲಿದೆ ಎಂದು ಕೇಳುವ ಹಕ್ಕು ನಮಗಿದೆ.

ಇನ್ನು ಆಯ್ಕೆಯ ವಿಷಯ. ನಗರದ ಒಂದು ವಾದ್ಯದಂಗಡಿಯಲ್ಲಿ ಹೊಸ ಪೆಡಲನ್ನು ಡಬ್ಬಿಯೊಳಗೇ ತೋರಿಸಿದರು. ನೆಲಕ್ಕಿಟ್ಟು ತುಳಿದು ನೋಡಬಹುದೇ ಎಂದಾಗ, ತುಳಿದರೆ ಹಳೆಯದಾಗುತ್ತದೆ, ಕೊಳ್ಳುವುದಾದರೆ ಮಾತ್ರ ಬಿಚ್ಚುತ್ತೇವೆ ಎಂಬ ಉತ್ತರ ಬಂತು. ಚಪ್ಪಲಿಯನ್ನು ಕೂಡ ಕಾಲಿಗೆ ಹಾಕಿ ನೋಡದೆ ಕೊಳ್ಳದ ನಾವು, ತುಳಿಯುವುದಕ್ಕಾಗಿಯೇ ಮಾಡಿದ ವಸ್ತುವನ್ನು ಬರೀ ಕಣ್ಣಿನಿಂದ ನೋಡಿ ಕೊಳ್ಳಬೇಕಂತೆ. ನಾನು ಕೈಮುಗಿದು ಹೊರಬಂದೆ. ಆಮೇಲೆ ಗೆಳೆಯರ ಮನೆಗಳಲ್ಲಿ ಒಂದೊಂದನ್ನೇ ತುಳಿದು ನೋಡಿದೆ.

ತುಳಿದು ನೋಡುವಾಗ ಬರಿಗಾಲಿನಲ್ಲಿಯೂ ನೋಡಬೇಕು. ಈ ಮಾತನ್ನು ಹೊರದೇಶದ ವಿಮರ್ಶೆಗಳಲ್ಲಿ ನಾನು ಕಂಡಿಲ್ಲ, ಆದರೆ ನಮಗೆ ಇದು ಮುಖ್ಯ. ಗಣೇಶನ ಮುಂದಿನ ವೇದಿಕೆಯಲ್ಲಿ, ದೇವಸ್ಥಾನದ ಆವರಣದಲ್ಲಿ ನಾವು ಚಪ್ಪಲಿ ಕಳಚಿಟ್ಟೇ ನುಡಿಸುತ್ತೇವೆ. ಜಿಸಿಬಿ-95ರ ತುಳಿಹಲಗೆ ಪಾದಕ್ಕೆ ಸಾಕಾಗುವಷ್ಟು ಉದ್ದವಿದೆ, ಮೇಲಿನ ರಬ್ಬರಿನ ಗೀರುಗಳು ಬರಿಗಾಲಿಗೆ ಚುಚ್ಚುವುದಿಲ್ಲ, ಎರಕದ ಲೋಹದ ಮೈಯ ಭಾರದಿಂದಾಗಿ ಜಾರಿ ಮುಂದಕ್ಕೆ ಓಡುವುದಿಲ್ಲ. ಆದರೆ ಪೆಡಲನ್ನು ಆನ್ ಮಾಡುವ ಸ್ವಿಚ್ಚು ಮುಂತುದಿಯ ಕೆಳಗಿದೆ, ಅದನ್ನು ಕ್ಲಿಕ್ಕೆನಿಸಲು ಮುಂಗಾಲಿನ ಮೇಲೆ ಮೈಭಾರವನ್ನೇ ಹಾಕಬೇಕು. ಬರಿಗಾಲಿನಲ್ಲಿ ಮೊದಮೊದಲು ಇದು ಕಷ್ಟ. ಇದೇ ಕಂಪನಿಯ ಪುಟ್ಟ ಮಾದರಿಯೂ ಇದೆ. ಅದರೊಳಗೆ ಮೂರು ಬಗೆಯ ನಾದಕ್ಕೆ ಒಂದು ಸ್ವಿಚ್ಚೂ ಇದೆ, ಚೀಲದಲ್ಲಿ ಹೆಚ್ಚು ಜಾಗ ಬೇಡುವುದಿಲ್ಲ. ಆದರೆ ತುಳಿಹಲಗೆ ಚಿಕ್ಕದಾದಷ್ಟೂ ಕಾಲು ಸರಿಯುವ ದೂರ ಕಡಿಮೆ, ಮಧ್ಯದ ಒಂದು ಸ್ಥಾನದಲ್ಲಿ ನಿಲ್ಲಿಸುವುದು ಕಷ್ಟ. ಒಂಬತ್ತನೇ ಅಳತೆಯ ನನ್ನ ಪಾದಕ್ಕೆ ಅದು ಮಗುವಿನ ಉಯ್ಯಾಲೆಯಂತೆ ಕಂಡಿತು.

ವಾಕ್ಸ್ ಕಂಪನಿಯ ವಿ847-ಎ ಪೆಡಲಿನ ನಾದ ನನ್ನ ಕಿವಿಗೆ ತುಸು ಮೃದು, ಹಿಮ್ಮಡಿಯ ಕಡೆ ಹೆಚ್ಚು ತುಂಬಿಕೊಂಡದ್ದು. ಅದನ್ನೇ ಕೊಂಡಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ. ಮಾರ್ಲಿ ಕಂಪನಿಯವು ಬೇರೆಯೇ ಜಾತಿ: ಅವುಗಳಲ್ಲಿ ಕಾಲು ಪಾಟನ್ನು ತಿರುಗಿಸುವ ಬದಲು ಬೆಳಕಿನ ದಾರಿಯನ್ನು ತೆರೆದು ಮುಚ್ಚುತ್ತದೆ, ಸವೆಯುವ ಭಾಗವಿಲ್ಲವಾದ್ದರಿಂದ ಕರಕರ ಸದ್ದಿನ ರಗಳೆಯಿಲ್ಲ. ಬೆಹ್ರಿಂಗರ್ ಕಂಪನಿಯ ಅಗ್ಗದ ಹೆಲ್‌ಬೇಬ್ ಕೂಡ ಬೆಳಕಿನಿಂದಲೇ ನಡೆಯುವಂಥದ್ದು. ಕಾಲಿಟ್ಟರೆ ಆನ್, ತೆಗೆದರೆ ಆಫ್ ಆಗುವ ಮಾದರಿಗಳು ಸ್ವಿಚ್ಚಿನ ಕಷ್ಟವನ್ನೂ ತಪ್ಪಿಸುತ್ತವೆ. ಆದರೆ ಪೆಡಲನ್ನು ಅರ್ಧದಲ್ಲಿ ನಿಲ್ಲಿಸಿ, ಕಾಲು ತೆಗೆದು, ಆ ಮೂಗಿನ ನಾದದಲ್ಲೇ ಇಡೀ ಚರಣ ನುಡಿಸುವ ಅಭ್ಯಾಸವಿದ್ದವರಿಗೆ ಅವು ಆಗಿಬರುವುದಿಲ್ಲ. ಬೆಸುಗೆಯ ಗೋಜೇ ಬೇಡ, ಎಲ್ಲವನ್ನೂ ಹೊರಗಿನ ಗುಂಡಿಗಳಿಂದಲೇ ಬದಲಿಸಬೇಕು ಎನ್ನುವವರು ಡನ್‌ಲಪ್ಪಿನ 535ಕ್ಯೂ ನೋಡಬಹುದು: ಆವರ್ತನದ ವ್ಯಾಪ್ತಿಗೆ ಆರು ಹಂತಗಳ ಗುಂಡಿ, ಅನುರಣನದ ಚೂಪಿಗೆ ಇನ್ನೊಂದು. ನಾನು ಮುಂದೆ ವಿವರಿಸುವ ಅರ್ಧ ಕೆಲಸ ಅದರಲ್ಲಿ ಕಾರ್ಖಾನೆಯಲ್ಲೇ ಆಗಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತುಳಿಹಲಗೆಯನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿ. ಕೀಲು ಸಡಿಲವಿದ್ದರೆ ಬಿಗಿ ಮಾಡಬಹುದು, ಪಾಟನ್ನು ತಿರುಗಿಸುವ ಒಳಗಿನ ಹಲ್ಲುಪಟ್ಟಿ ಮುರಿದಿದ್ದರೆ ಬೆಲೆ ಇಳಿಸಿ ಕೇಳಿ. ನಿಧಾನವಾಗಿ ತುಳಿಯುವಾಗ ಸ್ಪೀಕರಿನಲ್ಲಿ ಕರಕರ ಬಂದರೆ ಗಾಬರಿ ಬೇಡ. ನನ್ನದರಲ್ಲೂ ಬರುತ್ತಿತ್ತು. ಹಿಂದಿನ ಮಾಲೀಕರು ಅದನ್ನು ಮಂಚದ ಕೆಳಗೆ ಎರಡು ವರ್ಷ ಇಟ್ಟಿದ್ದರಂತೆ, ಪಾಟಿನ ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಸಿಂಪಡಿಸಿ ಇಪ್ಪತ್ತು ಸಲ ತುಳಿದ ಮೇಲೆ ನಿಂತಿತು.

ಈಗ ಒಳಗೆ ಹೋಗೋಣ. ತಳದ ನಾಲ್ಕು ರಬ್ಬರ್ ಕಾಲುಗಳ ಮಧ್ಯದಲ್ಲಿ ಸ್ಕ್ರೂಗಳಿವೆ. ಅವನ್ನು ಬಿಚ್ಚಿದರೆ ತಟ್ಟೆ ಕೈಗೆ ಬರುತ್ತದೆ. ನನ್ನ ಪೆಡಲಿನೊಳಗೆ ಮೊದಲು ಕಣ್ಣಿಗೆ ಬಿದ್ದದ್ದು ಸರ್ಕಿಟ್ ಅಲ್ಲ, ಒಣಗಿ ಕಂದುಬಣ್ಣಕ್ಕೆ ತಿರುಗಿದ ಗ್ರೀಸು ಮೆತ್ತಿಕೊಂಡ ಹಲ್ಲುಪಟ್ಟಿ, ಮತ್ತು ಅದರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಉದ್ದ ಕೂದಲು. ತುಳಿಹಲಗೆಯ ಕೆಳಗಿನಿಂದ ಇಳಿಯುವ ಈ ಪಟ್ಟಿ, ಪಾಟಿನ ತುದಿಯಲ್ಲಿರುವ ಪುಟ್ಟ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕಾಲಿನ ಪೂರ್ತಿ ಓಟಕ್ಕೂ ಪಾಟು ತನ್ನ ಸುತ್ತಿನ ಒಂದು ಭಾಗದಷ್ಟೇ ತಿರುಗುತ್ತದೆ, ಆ ಭಾಗ ಯಾವುದು ಎಂಬುದು ನಮ್ಮ ಕೈಯಲ್ಲಿದೆ. ಪಟ್ಟಿಯನ್ನು ಒತ್ತಿಹಿಡಿದ ಬ್ರಾಕೆಟ್ಟನ್ನು ಸಡಿಲಿಸಿ, ಹಲ್ಲುಗಳನ್ನು ಬಿಡಿಸಿ, ಚಕ್ರವನ್ನು ಒಂದೆರಡು ಹಲ್ಲಿನಷ್ಟು ಸರಿಸಿ ಮತ್ತೆ ಕೂರಿಸಿದರೆ ಇಡೀ ವ್ಯಾಪ್ತಿ ಮೇಲಕ್ಕೋ ಕೆಳಕ್ಕೋ ಜರುಗುತ್ತದೆ. ನನ್ನ ಪೆಡಲು ಮುಂಗಾಲಿನ ಕಡೆ ಕಿವಿ ಕೊರೆಯುವಷ್ಟು ಚೂಪಾಗಿತ್ತು; ಎರಡು ಹಲ್ಲು ಹಿಂದಕ್ಕೆ ಸರಿಸಿದೆ, ಆ ಚೂಪು ಹೋಗಿ ಹಿಮ್ಮಡಿಯ ಕಡೆಯ ಉಕಾರ ಗಾಢವಾಯಿತು. ಒಂದೇ ಎಚ್ಚರಿಕೆ: ತುಳಿಹಲಗೆ ತುದಿ ಮುಟ್ಟುವ ಮೊದಲೇ ಪಾಟಿನ ಸುತ್ತು ಮುಗಿಯದಂತೆ ಕೂರಿಸಬೇಕು, ಇಲ್ಲವಾದರೆ ಮೈಭಾರವೆಲ್ಲ ಪಾಟಿನ ಮೇಲೆ ಬಿದ್ದು ಅದು ಮುರಿಯುತ್ತದೆ. ಖರ್ಚು ಸೊನ್ನೆ, ಸಮಯ ಕಾಲು ಗಂಟೆ. ಇದೊಂದನ್ನು ಮಾಡಿ ಒಂದು ವಾರ ನುಡಿಸದೆ ಬೆಸುಗೆಯ ಕಡ್ಡಿಯನ್ನು ಬಿಸಿ ಮಾಡಬೇಡಿ. ಜೊತೆಗೆ ಮುಂತುದಿಯ ಸ್ವಿಚ್ಚಿನ ನಟ್ಟನ್ನು ಒಂದು ಸುತ್ತು ಮೇಲೇರಿಸಿದರೆ ಬರಿಗಾಲಿನ ಕ್ಲಿಕ್ಕಿನ ಕಷ್ಟವೂ ಬಹಳಷ್ಟು ಕಡಿಮೆಯಾಗುತ್ತದೆ.

ಎರಡನೆಯದು ರೆಸಿಸ್ಟರ್. ಕಾಯಿಲಿನ ಎರಡು ತುದಿಗಳಿಗೆ ಅಡ್ಡಲಾಗಿ 33 ಕಿಲೋಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ಅನುರಣನ ಎಷ್ಟು ಚೂಪಾಗಿ ಎದ್ದು ನಿಲ್ಲಬೇಕು ಎಂಬುದಕ್ಕೆ ಕಡಿವಾಣ ಹಾಕುವುದು ಇದೇ; ಅಳತೆ ಹೆಚ್ಚಿದಷ್ಟೂ ಕಡಿವಾಣ ಸಡಿಲವಾಗುತ್ತದೆ, ನಾದ ಹೆಚ್ಚು ಮಾತಾಡುತ್ತದೆ. 47, 68, 100 ಕಿಲೋಓಮ್‌ನ ಮೂರು ತಂದು ಒಂದೊಂದನ್ನೇ ಕೂರಿಸಿ ಕೇಳಿದೆ. 47ಕ್ಕೆ ವ್ಯತ್ಯಾಸವಿದೆಯೋ ಇಲ್ಲವೋ ಎಂಬ ಅನುಮಾನ ಉಳಿಯಿತು. 100ಕ್ಕೆ ನಡುವಿನ ಒಂದು ಸ್ಥಾನದಲ್ಲಿ ಸ್ವರ ಉಳಿದವುಗಳನ್ನೆಲ್ಲ ತಳ್ಳಿ ಕಿರುಚತೊಡಗಿತು, ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಸೇರಿದಾಗ ಸಹಿಸಲಾಗಲಿಲ್ಲ. 68ರಲ್ಲಿ, ನಾನು ಮೊದಲಿನಿಂದ ಹುಡುಕುತ್ತಿದ್ದ ಆ ಬಾಯಿ ತೆರೆಯುವ ಸದ್ದು ಕೇಳಿಸಿತು. ಉಕಾರಕ್ಕೂ ಆಕಾರಕ್ಕೂ ನಡುವೆ ಒಕಾರವೊಂದು ಸ್ಪಷ್ಟವಾಗಿ ಹಾದುಹೋಯಿತು. ಎರಡು ರೂಪಾಯಿಯ ಈ ಬದಲಾವಣೆಗೆ ಸಮನಾದುದು ಈ ಪೆಡಲಿನೊಳಗೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಈ ಮೂರು ಸಲದ ತೆಗೆದು ಹಾಕುವಿಕೆಯಲ್ಲಿ ನಾನೊಂದು ತಪ್ಪು ಮಾಡಿದೆ. ಮೂರನೆಯ ಸಲ ಬೆಸುಗೆ ಕರಗುವವರೆಗೆ ಕಾಯುವ ತಾಳ್ಮೆ ಇಲ್ಲದೆ ಕಡ್ಡಿಯನ್ನು ಒತ್ತಿಹಿಡಿದೆ. ಬೋರ್ಡಿನ ತಾಮ್ರದ ಪಟ್ಟಿ ಸಿಪ್ಪೆಯಂತೆ ಎದ್ದು ಬಂತು, ಪೆಡಲು ಮೂಕವಾಯಿತು. ಮತ್ತೆ ಶಿವರಾಂಪೇಟೆಗೆ ಹೋದೆ. ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಬೋರ್ಡನ್ನು ಬೆಳಕಿಗೆ ಹಿಡಿದು, ಹರಿದ ಜಾಗವನ್ನು ಕೆರೆದು, ಕೂದಲೆಳೆಯ ತಂತಿಯೊಂದನ್ನು ಈ ದಡದಿಂದ ಆ ದಡಕ್ಕೆ ಸೇತುವೆಯಂತೆ ಬೆಸೆದರು. ರೆಸಿಸ್ಟರಿನ ಜಾಗದಲ್ಲಿ ಐಸಿ ಸಾಕೆಟ್ಟಿನ ಎರಡು ತೂತನ್ನು ಕತ್ತರಿಸಿ ಕೂರಿಸಿದರು. ಇನ್ನು ಮೇಲೆ ಬೆಸುಗೆಯಿಲ್ಲದೆ ಚುಚ್ಚಿ ತೆಗೆಯಬಹುದು. ಪ್ರಯೋಗ ಮಾಡುವವರು ಮೊದಲೇ ಸಾಕೆಟ್ ಹಾಕಿಸಿಕೊಂಡರೆ ನನ್ನಂತೆ ಎರಡು ಸಲ ಅಲೆಯಬೇಕಾಗುವುದಿಲ್ಲ.

ಹಿಂದಕ್ಕೆ ಪಡೆದ ಎರಡು ತಿದ್ದುಪಡಿಗಳನ್ನೂ ಹೇಳಬೇಕು. ಮೊದಲ ಟ್ರಾನ್ಸಿಸ್ಟರಿನ ಎಮಿಟರ್ ಎಂಬ ಕಾಲಿನಲ್ಲಿರುವ 390 ಓಮ್ ರೆಸಿಸ್ಟರನ್ನು 270ಕ್ಕೆ ಇಳಿಸಿದರೆ ಸದ್ದು ಜೋರಾಗುತ್ತದೆ, ಮಂದ್ರ ತುಂಬಿಕೊಳ್ಳುತ್ತದೆ ಎಂಬುದು ನಿಜ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಬಹಳ ಸುಖವಾಗಿತ್ತು. ತಂಡದಲ್ಲಿ ಬೇಸ್ ಗಿಟಾರೂ ಕೀಬೋರ್ಡಿನ ಎಡಗೈಯೂ ಸೇರಿದಾಗ ಆ ಮಂದ್ರವೆಲ್ಲ ಕೆಸರಾಯಿತು, ಪೆಡಲ್ ಆನ್ ಮಾಡಿದೊಡನೆ ಸದ್ದು ಎಗರಿ ಗಾಯಕರು ನನ್ನತ್ತ ತಿರುಗಿ ನೋಡಿದರು. ಎರಡನೆಯದು ಆ 0.01 ಮೈಕ್ರೋಫ್ಯಾರಡ್ ಕಂಡೆನ್ಸರ್. ಅದರ ಬದಲು 0.022 ಹಾಕಿದರೆ ಮೇಲಿನ ತುದಿ 2250ರಿಂದ ಸುಮಾರು 1500 ಹರ್ಟ್ಸ್‌ಗೆ ಇಳಿಯುತ್ತದೆ, ಕೆಳತುದಿಯೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಕಂಬಳಿ ಹೊದ್ದು ಹಾಡಿದ ಹಾಗಾಯಿತು. ಬೇಸ್ ಗಿಟಾರಿಗೆ ಅಥವಾ ತಂತಿಗಳನ್ನು ಬಹಳ ಕೆಳಶ್ರುತಿಗೆ ಇಳಿಸಿ ನುಡಿಸುವವರಿಗೆ ಇದು ಹೊಂದಬಹುದು; ಅವರೂ 0.015ರಿಂದ ಆರಂಭಿಸುವುದು ಒಳ್ಳೆಯದು.

ಕಾಯಿಲ್ ಬದಲಿಸುವುದರ ಬಗ್ಗೆ ಗಿಟಾರ್ ವಾದಕರಲ್ಲಿ ಹಬ್ಬಿರುವ ಭಕ್ತಿ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಅರವತ್ತು ಎಪ್ಪತ್ತರ ದಶಕದಲ್ಲಿ ಇಟಲಿಯಲ್ಲಿ ತಯಾರಾದ ಹಲವು ಪೆಡಲ್‌ಗಳಲ್ಲಿ ಫಾಸೆಲ್ ಎಂಬ ಕಾಯಿಲ್ ಇರುತ್ತಿತ್ತು. ಆ ಹೆಸರಿನ ಕೆಂಪು ಹಳದಿ ಕಾಯಿಲ್‌ಗಳನ್ನು ಈಗ ಡನ್‌ಲಪ್ ಕಂಪನಿಯೇ ಬಿಡಿಯಾಗಿ ಮಾರುತ್ತದೆ. ಕುವೆಂಪುನಗರದ ಗೆಳೆಯರೊಬ್ಬರು ತಮ್ಮ ಜಿಸಿಬಿ-95ಕ್ಕೆ ಕೆಂಪು ಫಾಸೆಲ್ ಹಾಕಿಸಿದ್ದಾರೆ. ಒಂದು ಭಾನುವಾರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒಬ್ಬರು ನುಡಿಸುವಾಗ ಇನ್ನೊಬ್ಬರು ಬೆನ್ನು ತಿರುಗಿಸಿ ಕೂತು ಕೇಳಿದೆವು. ನನ್ನ ಪೆಡಲಿನಲ್ಲಿ 33 ಕಿಲೋಓಮ್ ಇದ್ದಾಗ ವ್ಯತ್ಯಾಸ ಇಬ್ಬರಿಗೂ ತಕ್ಷಣ ತಿಳಿಯಿತು, ಅವರದು ಮೇಲು. 68 ಚುಚ್ಚಿದ ಮೇಲೆ ಯಾವುದು ಯಾವುದೆಂದು ಇಬ್ಬರೂ ತಪ್ಪು ಹೇಳಿದೆವು. ಕಾಯಿಲುಗಳಲ್ಲಿ ವ್ಯತ್ಯಾಸವಿಲ್ಲ ಎಂದು ನಾನು ಹೇಳುತ್ತಿಲ್ಲ. ಸುರುಳಿಯ ತಂತಿಯ ರೋಧ, ಒಳಗಿನ ಫೆರೈಟ್ ತಿರುಳಿನ ಗುಣ ಇವೆಲ್ಲ ಅನುರಣನವನ್ನು ಮುಟ್ಟುತ್ತವೆ. ಸಾವಿರಾರು ರೂಪಾಯಿಗೆ ಮೊದಲು ಎರಡು ರೂಪಾಯಿ ಖರ್ಚು ಮಾಡಿ ನೋಡಬೇಕು ಎಂಬುದಷ್ಟೇ ನನ್ನ ಮಾತು.

ಸ್ವಿಚ್ಚಿನ ಬಗ್ಗೆಯೂ ಇಂಥದೇ ಒಂದು ನಂಬಿಕೆಯಿದೆ. ಬಹಳ ಹಳೆಯ ಪೆಡಲ್‌ಗಳಲ್ಲಿ ವಾ ಆಫ್ ಆಗಿದ್ದಾಗಲೂ ಗಿಟಾರಿನ ತಂತಿ ಒಳಗಿನ ಸರ್ಕಿಟ್ಟಿಗೆ ತಗುಲಿಕೊಂಡೇ ಇರುತ್ತಿತ್ತು. ಅದು ಸಂಕೇತವನ್ನು ಹೀರಿಕೊಂಡು ನಾದ ಮಂಕಾಗುತ್ತಿತ್ತು. ಅಂಥವುಗಳಿಗೆ ಎರಡೂ ತುದಿಯನ್ನು ಕತ್ತರಿಸುವ, ಟ್ರೂ ಬೈಪಾಸ್ ಎಂದು ಕರೆಯುವ ಸ್ವಿಚ್ಚು ಅಗತ್ಯವಾಗಿತ್ತು. ಈಗಿನ ಜಿಸಿಬಿ-95 ಮತ್ತು ವಿ847-ಎ ಎರಡರಲ್ಲೂ ಮುಂಭಾಗದಲ್ಲಿ ಬಫರ್, ಅಂದರೆ ಸಂಕೇತ ಸೊರಗದಂತೆ ಕಾಯುವ ಪುಟ್ಟ ಸರ್ಕಿಟ್ಟು, ಇರುವುದರಿಂದ ಆ ಹೀರಿಕೆ ತೀರಾ ಕಡಿಮೆ. ನಾನು ಸ್ವಿಚ್ ಬದಲಿಸಿದ್ದು ಹಳೆಯದು ಸವೆದು ನಾಲ್ಕರಲ್ಲಿ ಒಂದು ಸಲ ಮಾತ್ರ ಹಿಡಿಯುತ್ತಿತ್ತು ಎಂಬ ಕಾರಣಕ್ಕೆ. ಹೇಗೂ ಬದಲಿಸುವುದೇ ಆದರೆ ಒಂಬತ್ತು ಕಾಲಿನ ಸ್ವಿಚ್ ಹಾಕಿ ಒಂದು ಎಲ್‌ಇಡಿಯನ್ನೂ ಸೇರಿಸಿಕೊಳ್ಳಿ. ಕತ್ತಲ ವೇದಿಕೆಯಲ್ಲಿ ಪೆಡಲ್ ಆನ್ ಇದೆಯೋ ಇಲ್ಲವೋ ಎಂದು ತಡಕಾಡುವುದು ತಪ್ಪುತ್ತದೆ. ಸ್ವಿಚ್ ಒತ್ತಿದಾಗ ಟಪ್ ಎಂಬ ಸದ್ದು ಬಂದರೆ ಇನ್‌ಪುಟ್‌ನಿಂದ ಸರ್ಕಿಟ್ಟಿನ ಗ್ರೌಂಡಿಗೆ 1 ಮೆಗಾಓಮ್‌ನ ರೆಸಿಸ್ಟರ್ ಕೂರಿಸಬೇಕು.

ಕಾಯಿಲಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಕಲಿತದ್ದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಗಣೇಶನ ಮುಂದೆ. ಮನೆಯಲ್ಲಿ ಸುಮ್ಮನಿದ್ದ ಪೆಡಲು ಅಲ್ಲಿ ಆನ್ ಮಾಡಿದೊಡನೆ ಜೇನುಗೂಡಿನಂತೆ ಗುಂಯ್‌ಗುಡತೊಡಗಿತು, ಮುಂಗಾಲು ಒತ್ತಿದಷ್ಟೂ ಗುಂಯ್‌ಗಾಟ ತೆಳ್ಳಗಾಗಿ ಮೇಲೇರಿತು. ಅರ್ಥಿಂಗ್ ಸರಿಯಿಲ್ಲ ಎಂದು ಜನರೇಟರಿನವರ ಮೇಲೆ ಮುನಿಸಿಕೊಂಡೆ. ಕೊನೆಗೆ ನೋಡಿದರೆ ನನ್ನ ಪೆಡಲಿಗೆ ಒಂದಡಿ ದೂರದಲ್ಲಿ ಸೀರಿಯಲ್ ಸೆಟ್ಟಿನ ದೀಪಗಳ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಇತ್ತು. ವಾ ಪೆಡಲಿನ ಕಾಯಿಲು ಸುತ್ತಲಿನ ಕಾಂತಕ್ಷೇತ್ರವನ್ನು ಹಿಡಿಯುವ ಒಂದು ಪುಟ್ಟ ಆಂಟೆನಾ ಕೂಡ ಹೌದು. ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್‌ನ ಮೇಲುನಾದಗಳನ್ನು ಅದು ಆರಿಸಿ ಎತ್ತಿ ಹಾಡುತ್ತಿತ್ತು. ಪೆಡಲನ್ನು ಮೂರಡಿ ಸರಿಸಿ ಅಡ್ಡಕ್ಕೆ ತಿರುಗಿಸಿದೆ, ನಿಂತಿತು. ಅಂದಿನಿಂದ ಪೆಡಲ್‌ಬೋರ್ಡಿನಲ್ಲಿ ವಿದ್ಯುತ್ ಪೆಟ್ಟಿಗೆಯನ್ನು ಎಡತುದಿಗೂ ವಾ ಪೆಡಲನ್ನು ಬಲತುದಿಗೂ ಇಟ್ಟಿದ್ದೇನೆ.

ಉಳಿದ ಪೆಡಲ್‌ಗಳ ಜೊತೆ ಇದರ ಹೊಂದಾಣಿಕೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಡಿಸ್ಟಾರ್ಷನ್ನಿನ ಹಿಂದೆ, ಅಂದರೆ ಗಿಟಾರಿನ ಕಡೆಗೆ, ವಾ ಇಟ್ಟರೆ ಮಾತಿನ ಗುಣ ಬರುತ್ತದೆ. ಮುಂದೆ ಇಟ್ಟರೆ ಇಡೀ ಸದ್ದನ್ನೇ ಬಾಚಿಕೊಂಡು ಹೋಗುವ ಸಿಂಥಸೈಜರಿನ ಗುಣ ಬರುತ್ತದೆ. ನನಗೆ ಮೊದಲನೆಯದೇ ಇಷ್ಟ. ಹಳೆಯ ಬಗೆಯ ಎರಡು ಟ್ರಾನ್ಸಿಸ್ಟರಿನ ಫಜ್ ಎಂಬ ಡಿಸ್ಟಾರ್ಷನ್ ಮಾತ್ರ ಇದಕ್ಕೆ ಹೊರತು. ಅದರ ಇನ್‌ಪುಟ್ ರೋಧ ತೀರಾ ಕಡಿಮೆಯಿರುವುದರಿಂದ ವಾ ಪೆಡಲಿನ ಹೊರತುದಿಯನ್ನೇ ಜಗ್ಗಿ ಹಿಡಿಯುತ್ತದೆ, ಕಾಲು ಎಷ್ಟು ಓಡಿಸಿದರೂ ವಾ ಎನ್ನುವುದಿಲ್ಲ. ಅಂಥ ಫಜ್ ಇರುವವರು ಅದನ್ನು ವಾಗಿಂತ ಮೊದಲು ಇಡಬೇಕು, ಇಲ್ಲವೇ ಎರಡರ ನಡುವೆ ಒಂದು ಬಫರ್ ಹಾಕಬೇಕು.

ಪೆಡಲು 9 ವೋಲ್ಟಿನ ಬ್ಯಾಟರಿಯಿಂದ ತಿಂಗಳುಗಟ್ಟಲೆ ನಡೆಯುತ್ತದೆ, ನುಡಿಸಿ ಮುಗಿದ ಮೇಲೆ ಗಿಟಾರಿನ ಕಡೆಯ ಜ್ಯಾಕನ್ನು ಕಿತ್ತಿಡಬೇಕು ಅಷ್ಟೆ. ಜ್ಯಾಕ್ ಒಳಗಿರುವವರೆಗೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮೊದಲಿದ್ದ 33 ಕಿಲೋಓಮ್ ರೆಸಿಸ್ಟರನ್ನೂ ಆ 390 ಓಮ್‌ನ ಬದಲಿಗೆ ತಂದಿದ್ದ 270ನ್ನೂ ಒಂದು ಚೀಟಿಯಲ್ಲಿ ಸುತ್ತಿ, ಯಾವುದು ಎಲ್ಲಿಯದು ಎಂದು ಬರೆದು, ತಳದ ತಟ್ಟೆಯ ಒಳಮೈಗೆ ಟೇಪಿನಿಂದ ಅಂಟಿಸಿಟ್ಟಿದ್ದೇನೆ. ನಾನೂ ಒಂದು ದಿನ ಇದನ್ನು ಯಾರಿಗಾದರೂ ಮಾರಬಹುದು. ಅವರ ಕಿವಿಗೆ 68 ಹೆಚ್ಚೆನಿಸಿದರೆ ಬೆಸುಗೆಯ ಕಡ್ಡಿಯೂ ಬೇಡ, ಸಾಕೆಟ್ಟಿನಿಂದ ಕಿತ್ತು ಹಳೆಯದನ್ನು ಚುಚ್ಚಿಕೊಂಡರಾಯಿತು.